ಕ್ಯಾಸ್‌ನ ಬಂಡೆ

ಕ್ಯಾಸಿಮಿರ್ ವೊಯ್ತಾಸಿಕ್ ಎಂಬ ಉದ್ದನೆಯ ಹೆಸರು ಕಾಲುವೆ ದಂಡೆಯ ಮೆಡೈನಾ ಊರಿನಲ್ಲಿ ಇಬ್ಬರಿಗೆ ಮಾತ್ರ ಬೇಕಾಗುತ್ತಿತ್ತು. ಒಂದು, ಮತದಾರರ ಪಟ್ಟಿ ಬರೆಯುವವರಿಗೆ. ಇನ್ನೊಂದು, ಸಿಟ್ಟು ಬಂದಾಗ ಅವನ ಹೆಂಡತಿ ಬರ್ನಿಗೆ. ಉಳಿದವರಿಗೆಲ್ಲ ಅವನು ಬರೀ ಕ್ಯಾಸ್. ಟೊಮೆಟೊ, ಬೀನ್ಸು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ಮೂವತ್ತಾರು ವರ್ಷ ನಿಂತು ನಿವೃತ್ತನಾದವನು. ಆದರೂ ಯಾರಾದರೂ ‘ನೀನು ಏನು ಮಾಡ್ತೀಯ’ ಎಂದು ಕೇಳಿದರೆ ಬಾಯ್ಲರಿನ ಮಾತೇ ಎತ್ತುತ್ತಿರಲಿಲ್ಲ. ‘ದೋಣಿ ಇದೆ’ ಎನ್ನುತ್ತಿದ್ದ, ಅದೇ ಒಂದು ಉದ್ಯೋಗ ಎನ್ನುವ ಹಾಗೆ.

ದೋಣಿಯೇನೂ ದೊಡ್ಡದಲ್ಲ. ಹದಿನೆಂಟು ಅಡಿ ಉದ್ದದ ಅಲ್ಯೂಮಿನಿಯಂ ದೋಣಿ, ಹಿಂದೆ ತೂಗುಹಾಕಿದ ನಲವತ್ತು ಕುದುರೆ ಶಕ್ತಿಯ ಮೋಟಾರು. ಏಪ್ರಿಲ್ ಕೊನೆಗೆ ಕಾಲುವೆಗೆ ನೀರು ಬಿಟ್ಟ ಮಾರನೆಯ ದಿನ ಅದು ನೀರಿಗಿಳಿಯುತ್ತಿತ್ತು. ನವೆಂಬರಿನಲ್ಲಿ ತೂಬು ತೆಗೆದು ಕಾಲುವೆ ಬರಿದು ಮಾಡುವ ಹಿಂದಿನ ದಿನ ಮೇಲೆ ಬರುತ್ತಿತ್ತು. ಆಮೇಲೆ ಐದು ತಿಂಗಳು ನೀಲಿ ತಾಡಪಾಲು ಹೊದ್ದು ಹಿತ್ತಿಲಲ್ಲಿ ಮಲಗುತ್ತಿತ್ತು. ಆ ಐದು ತಿಂಗಳು ಕ್ಯಾಸ್ ಕಾಲುವೆಯ ಕಡೆ ತಲೆ ಹಾಕುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ದೋಣಿಯವರು ಯಾರೂ ಹೋಗುತ್ತಿರಲಿಲ್ಲ. ಚಳಿಗಾಲದ ಕಾಲುವೆ ನಾಯಿ ತಿರುಗಾಡಿಸುವವರದು, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವವರದು. ಬೇಸಿಗೆಯ ಕಾಲುವೆಯವರಿಗೂ ಚಳಿಗಾಲದ ಕಾಲುವೆಯವರಿಗೂ ಒಂದೇ ಊರಿನಲ್ಲಿದ್ದುಕೊಂಡೂ ಮಾತುಕತೆಯಿಲ್ಲ.

ಹೀಗಿದ್ದದ್ದರಿಂದಲೇ ಆ ಬಂಡೆ ಇಪ್ಪತ್ತನಾಲ್ಕು ವರ್ಷ ಬದುಕಿತು.

ನೋಲ್ಸ್‌ವಿಲ್ಲಿನ ಎತ್ತುವ ಸೇತುವೆ ದಾಟಿ ಪೂರ್ವಕ್ಕೆ ಒಂದೂವರೆ ಮೈಲಿ ಹೋದರೆ, ಉತ್ತರ ದಂಡೆಯ ಮೇಲೆ ನೀಲಿ ಟೋಪಿಯ ಧಾನ್ಯದ ಗೋಪುರವಿದೆ. ಅದರ ನೇರಕ್ಕೆ, ದಂಡೆಯಿಂದ ಮೂರು ಮಾರು ಒಳಗೆ, ನೀರಿನ ಕೆಳಗೆ ಒಂದು ಬಂಡೆ. ಮೆಡೈನಾದಿಂದ ಆಲ್ಬಿಯನ್‌ವರೆಗೆ ದೋಣಿ ಇದ್ದವರಿಗೆಲ್ಲ ಅದು ಗೊತ್ತು. ಯಾರೋ ಪುಣ್ಯಾತ್ಮ ಅಲ್ಲಿನ ಒಂದು ಕಂಬಕ್ಕೆ ಕೆಂಪು ಬಣ್ಣ ಬಳಿದು ‘ಕ್ಯಾಸ್‌ನ ಬಂಡೆ’ ಎಂದು ಬರೆದಿದ್ದ. ಬಾಡಿಗೆ ದೋಣಿಯ ಪ್ರವಾಸಿಗಳಿಗೂ ಅದನ್ನು ಹೇಳಿಯೇ ಕಳಿಸುತ್ತಿದ್ದರು. ಕಂಬ ಬಂತೆಂದರೆ ದೋಣಿಗಳು ದಕ್ಷಿಣಕ್ಕೆ ಸರಿದು, ಅದನ್ನು ಬಳಸಿಕೊಂಡು ಹೋಗುತ್ತಿದ್ದವು.

ಇಪ್ಪತ್ತನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ಆಲ್ಬಿಯನ್ನಿನ ಅಗ್ನಿಶಾಮಕದವರ ಮೇಳ ಮುಗಿಸಿಕೊಂಡು ಕ್ಯಾಸ್, ಬರ್ನಿ, ಬರ್ನಿಯ ತಮ್ಮ ರೋಮನ್ ದೋಣಿಯಲ್ಲಿ ಮನೆಗೆ ಮರಳುತ್ತಿದ್ದರು. ಇನ್ನೂ ಒಳ್ಳೆ ಬೆಳಕಿತ್ತು. ಗೋಪುರದ ಹತ್ತಿರ ದೋಣಿಯ ಕೆಳಗೆ ಧಡ್ ಎಂದು ಸದ್ದಾಯಿತು, ದೋಣಿ ಒಮ್ಮೆ ವಾಲಿತು, ಹಿಂದೆ ಕೂತಿದ್ದ ರೋಮನ್ ಕಿರುಚಿದ. ಕ್ಯಾಸ್ ತಿರುಗಿ ನೋಡುವಷ್ಟರಲ್ಲಿ ರೋಮನ್‌ನ ಎಡಗೈ ಮೋಟಾರಿನ ಪಂಖಕ್ಕೆ ಸಿಕ್ಕಿ ಮೂರು ಬೆರಳು ಹೋಗಿದ್ದವು. ರೋಮನ್ ಅಕಾರ್ಡಿಯನ್ ನುಡಿಸುವವನು. ಮೂರು ಕೌಂಟಿಯ ಪೋಲಿಷ್ ಮದುವೆಗಳಲ್ಲಿ ಅವನ ತಂಡವಿಲ್ಲದೆ ಕುಣಿತ ಶುರುವಾಗುತ್ತಿರಲಿಲ್ಲ. ಅವತ್ತಿಗೆ ಅದು ನಿಂತಿತು. ಆಂಬುಲೆನ್ಸಿನವರು ಏನಾಯಿತೆಂದು ಕೇಳಿದಾಗ ಕ್ಯಾಸ್ ಹೇಳಿದ್ದು ಒಂದೇ ಮಾತು: ‘ಬಂಡೆಗೆ ಬಡೀತು.’

ಆಮೇಲೆ ಆ ಮಾತನ್ನು ಎಷ್ಟು ಸಲ, ಎಷ್ಟು ಜನಕ್ಕೆ ಹೇಳಿದನೋ ಲೆಕ್ಕವಿಲ್ಲ. ಇನ್ಯಾರ ಕೈಯೂ ಹೋಗಬಾರದು ಎಂದು ಹೇಳುತ್ತಿದ್ದ.

ಅರವತ್ತೆಂಟಕ್ಕೆ ಕಾಲಿಟ್ಟ ವರ್ಷ ರಕ್ತದಲ್ಲಿ ಸಕ್ಕರೆ ಏರಿತು. ದಿನಾ ಒಂದು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಊರೊಳಗೆ ನಡೆದರೆ ಪ್ರತಿ ಮೂಲೆಯಲ್ಲೂ ಯಾರೋ ಒಬ್ಬರು ನಿಲ್ಲಿಸಿ ಮಾತಾಡಿಸಿ, ಕೊನೆಗೆ ಸಿಹಿ ಡೋನಟ್ಟಿನ ಅಂಗಡಿಯಲ್ಲೇ ಯಾತ್ರೆ ಮುಗಿಯುತ್ತಿತ್ತು. ಬರ್ನಿ ಹೇಳಿದಳು, “ಕಾಲುವೆ ಏರಿ ಮೇಲೆ ಹೋಗು. ಅಲ್ಲಿ ನಿನ್ನನ್ನ ಮಾತಾಡಿಸೋರು ಬಾತುಕೋಳಿ ಮಾತ್ರ.”

ಹಾಗೆ ಡಿಸೆಂಬರಿನ ಮೊದಲ ಮಂಗಳವಾರ, ಜೀವಮಾನದಲ್ಲಿ ಮೊದಲ ಸಲ, ಕ್ಯಾಸ್ ಬರಿದಾದ ಕಾಲುವೆಯ ಪಕ್ಕ ನಡೆದ. ಕಾರನ್ನು ನೋಲ್ಸ್‌ವಿಲ್ಲಿನ ಸೇತುವೆಯ ಹತ್ತಿರ ಬಿಟ್ಟು ಪೂರ್ವಕ್ಕೆ ಹೊರಟ. ನೂರು ಹೆಜ್ಜೆ ಹೋಗುವಷ್ಟರಲ್ಲಿ ತಾನು ಎಲ್ಲಿದ್ದೇನೆಂದು ಅವನಿಗೆ ತಿಳಿಯದಾಯಿತು.

ನಲವತ್ತು ವರ್ಷ ಅವನು ಈ ಕಾಲುವೆಯನ್ನು ನೀರಿನ ಮಟ್ಟದಿಂದ ನೋಡಿದ್ದ. ಎರಡೂ ಕಡೆ ದಂಡೆ ಅವನ ಕಣ್ಣಿಗಿಂತ ಮೇಲಿರುತ್ತಿತ್ತು, ಮರಗಳು ತುಂಬಿಕೊಂಡಿರುತ್ತಿದ್ದವು. ಈಗ ಅವನು ಏರಿಯ ಮೇಲೆ, ಕಾಲುವೆ ಕೆಳಗೆ. ಅವನು ತಿಳಿದಿದ್ದ ಅಗಲವಾದ ಹೊಳೆಯಂಥ ನೀರು ಹೋಗಿ, ಕಂದು ಬಣ್ಣದ ಒಂದು ಉದ್ದನೆಯ ಗೋದಲಿ ಬಿದ್ದುಕೊಂಡಿತ್ತು. ನಡುವೆ ಮೊಣಕಾಲುದ್ದ ನೀರು ಹೆಪ್ಪುಗಟ್ಟಿತ್ತು. ಹೂಳಿನಲ್ಲಿ ಅರ್ಧ ಮುಳುಗಿದ ಸೈಕಲ್ಲು, ಅಂಗಡಿಯ ತಳ್ಳುಗಾಡಿ, ಒಂದು ಅಡುಗೆ ಮನೆಯ ಸಿಂಕು. ಸತ್ತ ಮೀನಿಗಾಗಿ ಕಡಲಕ್ಕಿಗಳು ಜಗಳವಾಡುತ್ತಿದ್ದವು. ತಿರುವು ಬರಬೇಕಾದಲ್ಲಿ ತಿರುವು ಬರಲಿಲ್ಲ. ನೇರ ಎಂದುಕೊಂಡಿದ್ದ ಕಡೆ ಕಾಲುವೆ ಸೊಂಟ ಬಳುಕಿಸಿತ್ತು. ಎಲೆ ಉದುರಿದ ಮರಗಳ ಹಿಂದೆ ಇದುವರೆಗೆ ಕಾಣದಿದ್ದ ಮನೆಗಳು, ಎಲೆಕೋಸಿನ ಹೊಲಗಳು, ಸೇಬಿನ ತೋಟದ ಸಾಲುಗಳು. ಇಷ್ಟೆಲ್ಲ ಇಲ್ಲೇ ಇತ್ತೇ ಎಂದು ಅವನಿಗೆ ಅಚ್ಚರಿ.

ಗೋಪುರದ ನೀಲಿ ಟೋಪಿ ಕಂಡಾಗ ಜೀವ ಬಂದಂತಾಯಿತು. ಕೆಂಪು ಬಣ್ಣದ ಕಂಬವೂ ಸಿಕ್ಕಿತು. ಹೋಗಿ ಕಂಬ ಹಿಡಿದು ನಿಂತು ಕೆಳಗೆ ನೋಡಿದ.

ಬಂಡೆ ಇರಲಿಲ್ಲ.

ದಂಡೆಯ ಇಳಿಜಾರಿಗೆ ಮುಷ್ಟಿ ಗಾತ್ರದ ಕಲ್ಲು ಹಾಸಿದ್ದರು. ಅದರ ಕೆಳಗೆ ನುಣ್ಣನೆಯ ಹೂಳು, ಯಾರೋ ಕರಣೆಯಲ್ಲಿ ಎಳೆದ ಹಾಗೆ. ಮೂರು ಮಾರು ಒಳಗೂ ಇಲ್ಲ, ಆರು ಮಾರು ಒಳಗೂ ಇಲ್ಲ. ಕ್ಯಾಸ್ ಪೂರ್ವಕ್ಕೆ ಕಾಲು ಮೈಲಿ, ಪಶ್ಚಿಮಕ್ಕೆ ಕಾಲು ಮೈಲಿ ನಡೆದು ನೋಡಿದ. ತಲೆದಿಂಬಿನಷ್ಟು ದೊಡ್ಡ ಒಂದು ಕಲ್ಲೂ ಕಾಣಲಿಲ್ಲ. ಕಂಬಕ್ಕೆ ಬಣ್ಣ ಬಳಿದವರು ಜಾಗ ತಪ್ಪಿರಬೇಕು ಎಂದುಕೊಂಡು ಮನೆಗೆ ಹೋದ. ಬರ್ನಿಗೆ ಏನೂ ಹೇಳಲಿಲ್ಲ.

ಗುರುವಾರ ಮತ್ತೆ ಹೋದ. ಈ ಸಲ ಒಂದು ಹಗ್ಗ, ಒಂದು ಉದ್ದನೆಯ ಕೋಲು ಜೊತೆಯಲ್ಲಿತ್ತು. ದೋಣಿಯಲ್ಲಿ ಕೂತಾಗ ಕಾಣುವ ಹಾಗೆ ನೋಡಿದರೆ ಜಾಗ ಗೊತ್ತಾಗಬಹುದೆಂದು ಹಗ್ಗ ಕಟ್ಟಿಕೊಂಡು ಇಳಿಜಾರಿನಲ್ಲಿ ಕೆಳಗಿಳಿದ. ಕಲ್ಲು ಮುಗಿದ ಕಡೆ ಒಂದು ಹೆಜ್ಜೆ ಮುಂದಿಟ್ಟ. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಎತ್ತಲು ಎಡಗಾಲಿಗೆ ಭಾರ ಹಾಕಿದ; ಅದೂ ಹೋಯಿತು. ಮೇಲೆ ಹೆಪ್ಪುಗಟ್ಟಿದ್ದ ಹೂಳು ಕೆಳಗೆ ಗಂಜಿಯಂತಿತ್ತು. ಸುಮ್ಮನೆ ನಿಂತ. ನಿಂತಲ್ಲಿಂದಲೇ ಕೋಲಿನಿಂದ ಸುತ್ತಲೂ ಚುಚ್ಚಿ ನೋಡಿದ. ಎಲ್ಲೂ ಗಟ್ಟಿಯಾದದ್ದು ತಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಏರಿಯ ಹಾದಿಯಲ್ಲಿ ಒಂದು ಪಿಕಪ್ ಗಾಡಿ ಬಂದು ನಿಂತಿತು. ಏರಿಯಲ್ಲಿ ಹೆಗ್ಗಣದಂಥ ಪ್ರಾಣಿಗಳು ಬಿಲ ತೋಡಿವೆಯೇ ಎಂದು ನೋಡಿಕೊಂಡು ತಿರುಗುವ ಲೂಥರ್ ಪ್ರಿಚಾರ್ಡ್ ಎಂಬ ಕಾಲುವೆ ಇಲಾಖೆಯ ಕೆಲಸಗಾರ ಇಳಿದು ಬಂದು ಕೆಳಗೆ ಬಗ್ಗಿ ನೋಡಿದ.

“ಏನಾದ್ರೂ ಕಳ್ಕೊಂಡ್ರಾ ಯಜಮಾನ್ರೇ?”

“ಬಂಡೆ,” ಎಂದ ಕ್ಯಾಸ್.

ಲೂಥರ್ ಮೇಲಿನಿಂದ ಹಗ್ಗ ಹಿಡಿದುಕೊಂಡ. “ಬೂಟು ಬಿಟ್ಟು ಬರ್ತೀರಾ, ಬೂಟಿನ ಸಮೇತ ಬರ್ತೀರಾ?”

ಕೊನೆಗೆ ಬೂಟು ಅಲ್ಲೇ ಉಳಿಯಿತು, ಕ್ಯಾಸ್ ಬಂದ. ಪಿಕಪ್ಪಿನ ಒಳಗೆ ಕಾಲಿಗೆ ಬಿಸಿಗಾಳಿ ಬಿಟ್ಟುಕೊಂಡು ಕೂತು ಬಂಡೆಯ ಕಥೆ ಹೇಳಿದ. ಲೂಥರ್ ತಲೆಯಾಡಿಸಿದ. “ಹತ್ತೊಂಬತ್ತು ಚಳಿಗಾಲ ಈ ಹಾದಿಯಲ್ಲಿ ಓಡಾಡಿದ್ದೀನಿ. ಬಂಡೆ ಇರೋದು ಪಶ್ಚಿಮಕ್ಕೆ, ಲಾಕ್‌ಪೋರ್ಟ್ ಕಡೆ. ಇಲ್ಲಿ ಬರೀ ಜೇಡಿಮಣ್ಣು. ಆ ಕಂಬದ ಮೇಲೆ ಯಾಕೆ ಹಾಗೆ ಬರ್ದಿದ್ದಾರೆ ಅಂತ ನಾನೂ ಅಂದ್ಕೊಳ್ತಿದ್ದೆ. ಯಾವುದೋ ಬ್ಯಾಂಡಿನ ಹೆಸರಿರಬೇಕು ಅಂದ್ಕೊಂಡೆ.”

“ತೆಗೆದು ಹಾಕಿರಬಹುದಲ್ವಾ?”

“ತೆಗೆದಿದ್ರೆ ನಾನೇ ತೆಗೆದಿರ್ಬೇಕಿತ್ತು.”

ಕ್ಯಾಸ್ ಬರಿಗಾಲಿನಲ್ಲೇ ಕಾರು ಹತ್ತಿದ, ಆದರೆ ಮನೆಗೆ ಹೋಗಲಿಲ್ಲ. ನೇರ ಆಲ್ಬಿಯನ್ನಿಗೆ, ರೋಮನ್ ಹತ್ತಿರ ಹೋದ.

ಅಕಾರ್ಡಿಯನ್ ನಿಂತ ಮೇಲೆ ರೋಮನ್ ಹುಲ್ಲು ಕತ್ತರಿಸುವ, ಹಿಮ ಎತ್ತುವ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದ. ಏಳು ಬೆರಳಿನಲ್ಲೇ ಹತ್ತು ಬೆರಳಿನವರಿಗಿಂತ ಚುರುಕು. ಮದುವೆಯಾಗಲಿಲ್ಲ. ಭಾನುವಾರ ಅಕ್ಕನ ಮನೆಯಲ್ಲಿ ಊಟ. ಕ್ಯಾಸ್ ಬಗ್ಗೆ ಒಂದು ದಿನವೂ ಬಿರುಸು ಮಾತಾಡಿದವನಲ್ಲ.

“ಬೂಟೆಲ್ಲಿ?” ಎಂದ ರೋಮನ್.

“ಕಾಲುವೆಯಲ್ಲಿ. ರೋಮನ್, ಅಲ್ಲಿ ಬಂಡೆ ಇಲ್ಲ ಕಣೋ.”

ರೋಮನ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಬಟ್ಟೆ ತಗೊಂಡು ಒಂದೊಂದೇ ಬೆರಳು ಒರೆಸಿದ. “ಇಷ್ಟು ವರ್ಷ ಆದ್ಮೇಲೆ ಇವತ್ತು ಹೇಳ್ಬೇಕು ಅನ್ನಿಸ್ತಾ?”

“ಇವತ್ತೇ ಗೊತ್ತಾಗಿದ್ದು.”

“ಸರಿ.”

“ಸರಿ ಅಂದ್ರೆ ಏನು?”

“ಸರಿ ಅಂದ್ರೆ ಸರಿ. ಕಾಫಿ ಕುಡಿತೀಯಾ?”

ಕ್ಯಾಸ್ ಕಾಫಿ ಬೇಡವೆಂದ. ಬಂಡೆ ಇಲ್ಲದಿದ್ದರೆ ದೋಣಿ ಏನಕ್ಕೆ ಬಡಿಯಿತು ಎಂದು ಕೇಳಿದ. ರೋಮನ್ ಅವನ ಮುಖವನ್ನೇ ನೋಡಿದ, ಇವನು ತಮಾಷೆ ಮಾಡುತ್ತಿದ್ದಾನೋ ಎಂದು.

“ಏನಕ್ಕೂ ಬಡೀಲಿಲ್ಲ. ಪಂಖಕ್ಕೆ ಜೊಂಡು ಸುತ್ಕೊಂಡಿತ್ತು. ಗೇರ್ ತೆಗಿ ಅಂತ ನಿಂಗೆ ಕೂಗಿ ಹೇಳ್ದೆ. ನೀನು ತೆಗ್ದೆ. ನಾನು ಬಗ್ಗಿ ಕೈ ಹಾಕಿ ಜೊಂಡು ಕೀಳ್ತಾ ಇದ್ದೆ. ಅಷ್ಟರಲ್ಲಿ ನೀನು ಸಾಸೇಜೋ ಏನೋ ತಗೊಳ್ಳೋಕೆ ತಿರುಗಿದೆ. ನಿನ್ನ ಮೊಣಕೈ ಗೇರಿನ ಹಿಡಿಗೆ ತಾಗ್ತು. ಅಷ್ಟೇ.”

“ಸದ್ದು? ಧಡ್ ಅಂತ ಆಯ್ತಲ್ಲ?”

“ಐಸ್ ಪೆಟ್ಟಿಗೆ ಮಗುಚಿದ್ದು.”

ಕ್ಯಾಸ್‌ಗೆ ಕಾಲು ತಣ್ಣಗಾಗಿದ್ದು ಆಗ ಗೊತ್ತಾಯಿತು. “ಹಾಗಾದ್ರೆ ನೀನು ಯಾಕೋ ಒಂದು ಮಾತೂ ಹೇಳ್ಲಿಲ್ಲ?”

“ನಿಂಗೆ ಬಂಡೆ ಬೇಕಾಗಿತ್ತು. ಇಟ್ಕೋ ಅಂತ ಬಿಟ್ಟೆ,” ಎಂದ ರೋಮನ್. “ಮೊದಲ ವರ್ಷ ಸಿಟ್ಟಿತ್ತು. ಆಸ್ಪತ್ರೆಯಲ್ಲಿ ನೀನು ಬಂದು ಬಂಡೆ ಬಂಡೆ ಅಂದಾಗೆಲ್ಲ ದಿಂಬು ಎತ್ತಿ ಹೊಡೆಯೋಣ ಅನ್ನಿಸ್ತಿತ್ತು. ಆಮೇಲೆ ಅಂದ್ಕೊಂಡೆ, ಅಕ್ಕನ ಗಂಡ. ಮೂರು ಬೆರಳಿಗೋಸ್ಕರ ಅವಳ ಮನೆಗೆ ಹೋಗೋದು ಬಿಡೋಕಾಗುತ್ತಾ? ನೀನು ಎಲ್ರ ಹತ್ರಾನೂ ಅದನ್ನೇ ಹೇಳ್ಕೊಂಡು ಓಡಾಡೋದು ನೋಡಿ ಪಾಪ ಅನ್ನಿಸ್ತು.”

“ರೋಮನ್, ನಾನು ಸುಳ್ಳು ಹೇಳ್ತಿರ್ಲಿಲ್ಲ. ನಿಜವಾಗ್ಲೂ ಬಂಡೆ ಅಂತಲೇ ಅಂದ್ಕೊಂಡಿದ್ದೆ.”

“ಹೂಂ,” ಎಂದ ರೋಮನ್, ಒಳ್ಳೆಯ ಮನಸ್ಸಿನಿಂದಲೇ, ಆದರೆ ನಂಬದೆ. ಒಂದು ಜೊತೆ ಹಳೆಯ ರಬ್ಬರ್ ಬೂಟು ಹುಡುಕಿ ಕೊಟ್ಟ. ಒಂದು ಅಳತೆ ಚಿಕ್ಕದಾಗಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಕ್ಯಾಸ್ ನೆನಪನ್ನು ಕೆದಕಿದ. ತಾನು ತಿರುಗಿದ್ದು ಹೌದೇ? ಕೈಯಲ್ಲಿ ಸಾಸೇಜ್ ಇತ್ತೇ? ರೋಮನ್ ಕೂಗಿದ್ದು ಕೇಳಿಸಿತ್ತೇ? ಕೆದಕಿದಷ್ಟೂ ಕಾಣುವುದು ಬಂಡೆಯೇ. ನೀರಿನ ಕೆಳಗೆ ಕಪ್ಪಗೆ, ಎಮ್ಮೆಯ ಬೆನ್ನಿನ ಹಾಗೆ. ಅದನ್ನು ಯಾವತ್ತೂ ಕಣ್ಣಿನಿಂದ ಕಂಡಿರಲಿಲ್ಲ ಎಂಬುದು ಈಗ ಹೊಳೆಯಿತು. ಕಾಣದೆಯೇ ಅದರ ಬಣ್ಣ ಹೇಗೆ ಗೊತ್ತು?

ಬರ್ನಿ ಅಡುಗೆಮನೆಯಲ್ಲಿ ಕಡುಬಿನಂಥ ಪಿಯೆರೋಗಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಗಂಡನ ಕಾಲಿನ ಬೂಟು ನೋಡಿದಳು, ಮುಖ ನೋಡಿದಳು, ಕುರ್ಚಿ ಎಳೆದಳು. ಅವನು ಕೂತು ಎಲ್ಲವನ್ನೂ ಹೇಳಿದ. ಬಂಡೆ ಇಲ್ಲದ್ದು, ಹೂಳು, ಲೂಥರ್, ರೋಮನ್ ಹೇಳಿದ್ದು. ತನ್ನ ಮೊಣಕೈಯಿಂದಲೇ ಅವನ ಬೆರಳು ಹೋದವಂತೆ ಎಂದು ಹೇಳುವಾಗ ಅವನ ದನಿ ಸಣ್ಣಗಾಯಿತು.

ಬರ್ನಿ ಲಟ್ಟಣಿಗೆ ಬಿಟ್ಟಳು. “ಅವನು ಹಾಗಂದ್ಕೊಂಡಿದ್ದಾನಾ? ಇಷ್ಟು ವರ್ಷವೂ?”

“ಹಾಗೇ ಅಂದ.”

“ನಿನ್ನ ಮೊಣಕೈ ಅಲ್ಲ ಕಣೋ ಅದು. ನೀನು ಮುಂದೆ ಹೋಗಿದ್ದೆ, ಬಾವುಟ ಬಿಚ್ಚೋಕೆ. ಒಂದು ನಿಮಿಷ ಚುಕ್ಕಾಣಿ ಹಿಡ್ಕೋ ಅಂದೆ. ನಾನು ಹಿಡ್ಕೊಂಡೆ. ನನ್ನ ಕೈಚೀಲದ ಪಟ್ಟಿ ಆ ಹಿಡಿಗೆ ಸಿಕ್ಕಾಕ್ಕೊಳ್ತು. ಎಳೆದೆ.” ಅವಳು ಹಿಟ್ಟಿನ ಕೈಯಲ್ಲೇ ಎಳೆದು ತೋರಿಸಿದಳು. “ಬಂಡೆ ಇಲ್ಲ ಅಂತ ನಂಗೆ ಅವತ್ತಿಂದಲೇ ಗೊತ್ತು. ಆಂಬುಲೆನ್ಸಿನವನಿಗೆ ನಾನು ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ನೀನು ಹೇಳ್ಬಿಟ್ಟೆ. ಬಂಡೆಗೆ ಬಡೀತು ಅಂತ. ನನ್ನ ಮುಖಾನೂ ನೋಡ್ಲಿಲ್ಲ.”

ಕ್ಯಾಸ್ ಕಾಲಿನ ಬಿಗಿ ಬೂಟು ಕಳಚಿದ.

“ಆ ಆಗಸ್ಟಲ್ಲಿ ನಾನು ಕ್ಲೀವ್‌ಲೆಂಡಿಗೆ ಹೋಗೋಳಿದ್ದೆ,” ಎಂದಳು ಬರ್ನಿ. “ದೊಡ್ಡಮ್ಮನ ಮಗಳ ಮನೆಗೆ. ವಾಪಸ್ ಬರೋಕಲ್ಲ. ನೀನು ಕಾರ್ಖಾನೆಯಿಂದ ಬಂದ್ರೆ ಬಾಯೇ ಬಿಡ್ತಿರ್ಲಿಲ್ಲ. ತಟ್ಟೆ ಜೊತೆ ಮಾತಾಡೋದೇ ವಾಸಿ ಅನ್ನಿಸ್ತಿತ್ತು. ಆಮೇಲೆ ನೀನು ನಂಗೋಸ್ಕರ ಆ ಬಂಡೆ ಹುಟ್ಟಿಸಿದೆ. ಊರೆಲ್ಲ ನಗೋ ಹಾಗೆ ಅದನ್ನ ಸಾಕಿದೆ. ನಾನು ಹೋಗ್ಲಿಲ್ಲ.”

ಹೊರಗೆ ಯಾರದೋ ಹಿಮ ಎತ್ತುವ ಯಂತ್ರ ಗುರುಗುಟ್ಟುತ್ತಿತ್ತು. ಕ್ಯಾಸ್ ಮೇಜಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಒಂದು ಕಡೆಗೆ ಗುಡಿಸಿದ, ಮತ್ತೆ ಇನ್ನೊಂದು ಕಡೆಗೆ ಗುಡಿಸಿದ. ಬರ್ನಿ ತನ್ನನ್ನು ಬಿಟ್ಟು ಹೋಗುವವಳಿದ್ದಳು ಎಂಬುದು ಅವನಿಗೆ ಹೊಸ ಸುದ್ದಿ. ಹೋಗದಿದ್ದದ್ದು ಏಕೆಂಬುದು ಇನ್ನೂ ಹೊಸದು. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಅವನಿಗೆ ಗೊತ್ತಿದ್ದ ವಿದ್ಯೆಯೇ. ಆದರೆ ಯಾಕೋ ಬಾಯಿಂದ ಬಂದುಬಿಟ್ಟಿತು.

“ಬರ್ನಿ, ನಾನು ನಿಂಗೋಸ್ಕರ ಹೇಳಿದ್ದಲ್ಲ. ನಾನು ನಿಜವಾಗ್ಲೂ ಬಂಡೆ ಅಂತಲೇ ತಿಳ್ಕೊಂಡಿದ್ದೆ.”

ಬರ್ನಿ ಅವನನ್ನು ನೋಡಿದಳು. ಆಮೇಲೆ ನಕ್ಕಳು, ಕಣ್ಣಲ್ಲಿ ನೀರಿತ್ತು. “ನೋಡು, ಇವತ್ತಿಗೂ ಬಿಟ್ಕೊಡಲ್ಲ ಇವನು,” ಎಂದು ಒಲೆಗೆ ಹೇಳಿದಳು.

ಆ ಜನವರಿಯೆಲ್ಲ ಕ್ಯಾಸ್ ದಿನಾ ಕಾಲುವೆಗೆ ಹೋದ. ಸಕ್ಕರೆ ಇಳಿಯಿತು, ಡಾಕ್ಟರು ಬೆನ್ನು ತಟ್ಟಿದರು. ನಡೆಯುತ್ತ ಅವನಿಗೆ ಯಾವುದೂ ತೀರ್ಮಾನವಾಗಲಿಲ್ಲ. ಮೈದುನ ತನ್ನನ್ನು ಹೇಡಿ ಎಂದುಕೊಂಡೂ ಕ್ಷಮಿಸಿದ್ದಾನೆ. ಹೆಂಡತಿ ತನ್ನನ್ನು ದೊಡ್ಡ ಮನುಷ್ಯ ಎಂದುಕೊಂಡು ಜೊತೆಯಲ್ಲಿ ಉಳಿದಿದ್ದಾಳೆ. ಎರಡೂ ತನ್ನದಲ್ಲದ ಅಂಗಿ. ಒಂದು ಬಿಗಿ, ಒಂದು ಸಡಿಲ. ಬಾವುಟ ಬಿಚ್ಚಲು ಹೋಗಿದ್ದು ನೆನಪಿಗೆ ಬರುವಂತೆಯೂ ಇತ್ತು, ಬಾರದಂತೆಯೂ ಇತ್ತು. ಆ ವರ್ಷ ದೋಣಿಗೆ ಬಾವುಟ ಇತ್ತೇ ಇಲ್ಲವೇ ಎಂದು ಹಳೆಯ ಫೋಟೊ ಹುಡುಕಿದ. ಎರಡು ಫೋಟೊ ಸಿಕ್ಕಿದವು. ಒಂದರಲ್ಲಿ ಇತ್ತು, ಒಂದರಲ್ಲಿ ಇರಲಿಲ್ಲ.

ಹಳೆಯ ಪಂಖವನ್ನು ಶೆಡ್ಡಿನಿಂದ ತೆಗೆದು ನೋಡಿದ. ಒಂದು ರೆಕ್ಕೆ ಬಾಗಿತ್ತು. ಗೆದ್ದೆ ಎಂದುಕೊಂಡು ಅದನ್ನು ರೋಮನ್ ಹತ್ತಿರ ಒಯ್ದ. ರೋಮನ್ ಅದನ್ನು ತಿರುಗಿಸಿ ನೋಡಿ, “ಇದು ಆ ಜೂನಿನಲ್ಲಿ ಗ್ಯಾಸ್‌ಪೋರ್ಟಿನ ಕಟ್ಟೆಗೆ ಹೊಡ್ಕೊಂಡ್ಯಲ್ಲ, ಅದು. ನಾನೇ ಸುತ್ತಿಗೇಲಿ ನೆಟ್ಟಗೆ ಮಾಡಿದ್ದೆ, ಪೂರ್ತಿ ಬರ್ಲಿಲ್ಲ,” ಎಂದ. ಗ್ಯಾಸ್‌ಪೋರ್ಟಿನ ಕಟ್ಟೆಗೆ ಹೊಡೆದದ್ದು ಕ್ಯಾಸ್‌ಗೆ ಚೆನ್ನಾಗಿಯೇ ನೆನಪಿತ್ತು.

ಅಕ್ಕ ತಮ್ಮ ಇಬ್ಬರನ್ನೂ ಬಂಡೆಯ ಜಾಗಕ್ಕೇ ಕರೆದುಕೊಂಡು ಹೋಗದೆ ಬೇರೆ ದಾರಿಯಿಲ್ಲ ಎಂದು ಕೊನೆಗೆ ನಿಶ್ಚಯಿಸಿದ. ಫೆಬ್ರವರಿಯ ಕೊನೆಯ ಶುಕ್ರವಾರ. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ತಿಂಗಳು ಶುರುವಾಗಿತ್ತು, ಸಂಜೆ ಅಗ್ನಿಶಾಮಕದವರ ಸಭಾಂಗಣದಲ್ಲಿ ಕರಿದ ಮೀನಿನ ಊಟ. ಅದಕ್ಕೆ ಮೂವರೂ ಹೇಗೂ ಹೋಗುವವರೇ; ದಾರಿಯಲ್ಲಿ ಅರ್ಧ ಗಂಟೆ ಎಂದು ಹೇಳಿ ಹೊರಡಿಸಿದ. ಹೊಸ ಹಿಮ ಬಿದ್ದು ಏರಿಯ ಹಾದಿ ಬೆಳ್ಳಗೆ ಹಾಸಿತ್ತು. ಕಂಬದ ಹತ್ತಿರ ನಿಂತು ಮೂವರೂ ಕೆಳಗೆ ನೋಡಿದರು. ನೋಡಲು ಏನೂ ಇರಲಿಲ್ಲ.

ಬರ್ನಿಯೇ ಮೊದಲು ಮಾತಾಡಿದಳು. “ರೋಮನ್, ಇವನಲ್ಲ ಕಣೋ. ನಾನು. ನನ್ನ ಕೈಚೀಲ.”

ರೋಮನ್ ಅಕ್ಕನ ಕಡೆ ತಿರುಗಿದ. ಆಮೇಲೆ ತಲೆ ಅಲ್ಲಾಡಿಸಿದ. “ಗಂಡನ ತಪ್ಪು ನೀನ್ಯಾಕೆ ಹೊತ್ಕೊಳ್ತೀಯ? ನಾನು ಕಣ್ಣಾರೆ ನೋಡಿದ್ದೀನಿ.”

“ನೀನು ಬಗ್ಗಿದ್ದೆ. ನಿಂಗೆ ಕಂಡಿದ್ದು ಜೊಂಡು.”

“ಅವನ ಬೆನ್ನು ಕಂಡಿತ್ತು. ಆ ಹಳದಿ ಅಂಗಿ.”

“ಹಳದಿ ಅಂಗಿ ನನ್ನದು.”

“ನಿಂದು ಹಸಿರು.”

ಇಬ್ಬರೂ ಕ್ಯಾಸ್ ಕಡೆ ತಿರುಗಿದರು. ತಾನೇ ಚುಕ್ಕಾಣಿ ಹಿಡಿದಿದ್ದೆ, ಬಂಡೆಗೆ ಬಡೀತು ಎಂದು ಅವನು ಎಂದಿನಂತೆ ಶುರು ಮಾಡಿ, ಅರ್ಧದಲ್ಲಿ ನಿಲ್ಲಿಸಿದ. ಆಮೇಲೆ ಕೋಲು ತಗೊಂಡು ಹಿಮದ ಮೇಲೆ ದೋಣಿ ಬರೆದ. ಹದಿನೆಂಟು ಅಡಿ ಉದ್ದ, ಏಳು ಅಡಿ ಅಗಲ. ಮೂತಿ ಪಶ್ಚಿಮಕ್ಕೆ. ಇಲ್ಲಿ ಚುಕ್ಕಾಣಿ, ಇಲ್ಲಿ ಗೇರಿನ ಹಿಡಿ, ಇಲ್ಲಿ ಐಸ್ ಪೆಟ್ಟಿಗೆ, ಹಿಂದೆ ಮೋಟಾರು.

“ಹತ್ತಿ,” ಎಂದ.

ಬರ್ನಿ ಗೆರೆ ದಾಟುವಾಗ, ನಿಜವಾದ ದೋಣಿ ಹತ್ತುವ ಹಾಗೆ ಗಂಡನ ಭುಜ ಹಿಡಿದುಕೊಂಡಳು. ಗಂಡ ಹೆಂಡತಿ ಇಬ್ಬರೂ ಚುಕ್ಕಾಣಿಯ ಹತ್ತಿರ ಹೋಗಿ ನಿಂತರು, ಒಬ್ಬರಿಗೊಬ್ಬರು ಜಾಗ ಬಿಡದೆ. ಬರ್ನಿ ಅವನನ್ನು ಬಾವುಟದ ಕಡೆ ತಳ್ಳಿದಳು. ರೋಮನ್ ಹಿಂದಿನಿಂದ ‘ಅಲ್ಲೇ ಇರು’ ಎಂದ. ಕ್ಯಾಸ್ ಮುಂದೆ ಹೋದ, ಹಿಂದೆ ಬಂದ. ಎರಡೂ ಕಡೆ ನಿಂತರೂ ಸರಿಯಾಗಿಯೇ ಅನ್ನಿಸಿತು.

ಹಿಮದ ಹಲಗೆ ಕಟ್ಟಿಕೊಂಡು ನಾಯಿಯ ಜೊತೆ ಬರುತ್ತಿದ್ದ ಒಬ್ಬ ಹೆಂಗಸು ಇವರನ್ನು ಕಂಡು ನಿಧಾನಿಸಿದಳು. “ನೀರು ಬಿಡೋಕೆ ಇನ್ನೂ ಎರಡು ತಿಂಗಳಿದೆ,” ಎಂದಳು.

“ಬೇಗ ಬಂದ್ರೆ ಒಳ್ಳೆ ಜಾಗ ಸಿಗುತ್ತೆ,” ಎಂದಳು ಬರ್ನಿ, ಚುಕ್ಕಾಣಿ ಬಿಡದೆ.

ಹೆಂಗಸು ನಕ್ಕು ದೋಣಿಯನ್ನು ಬಳಸಿಕೊಂಡು ಹೋದಳು. ನಾಯಿ ಮಾತ್ರ ದೋಣಿಯೊಳಗಿಂದಲೇ ದಾಟಿತು.

ಅಷ್ಟರಲ್ಲಿ ರೋಮನ್ ಹಿಂದೆ ಮೋಟಾರಿನ ಹತ್ತಿರ ಮಂಡಿಯೂರಿದ್ದ. ಎಡಗೈಯ ಕೈಗವುಸು ತೆಗೆದು, ಗೆರೆಯ ಆಚೆ ಕೈ ಚಾಚಿ ಬಗ್ಗಿದ. ಹಾಗೇ ಇದ್ದುಬಿಟ್ಟ. ಎಷ್ಟು ಹೊತ್ತೆಂದರೆ ಬರ್ನಿ ಭಯವಾಗಿ ಅವನ ಹೆಸರು ಹಿಡಿದು ಕರೆದಳು.

“ನಾನು ಕೂಗಿದ್ನಾ?” ಎಂದ ರೋಮನ್, ತಲೆ ಎತ್ತದೆ.

“ಏನು?”

“ಗೇರ್ ತೆಗಿ ಅಂತ. ನಾನು ಕೂಗಿದ್ದು ನಿಮ್ಮಿಬ್ರಲ್ಲಿ ಯಾರಿಗಾದ್ರೂ ಕೇಳಿಸ್ತಾ?”

ಕ್ಯಾಸ್ ಬರ್ನಿಯನ್ನು ನೋಡಿದ. ಬರ್ನಿ ಕ್ಯಾಸ್‌ನನ್ನು ನೋಡಿದಳು. ಇಬ್ಬರಿಗೂ ಕೇಳಿಸಿದ ನೆನಪಿರಲಿಲ್ಲ. ಇಬ್ಬರೂ ಅದನ್ನು ಹೇಳಲು ಹಿಂಜರಿದರು.

“ಮೋಟಾರಿನ ಸದ್ದಿತ್ತಲ್ಲ,” ಎಂದ ಕ್ಯಾಸ್.

“ಗೇರ್ ತೆಗೆದಿದ್ರೆ ಸದ್ದು ಕಮ್ಮಿ ಆಗಿರ್ಬೇಕಿತ್ತು,” ಎಂದ ರೋಮನ್. ಜೀವನವಿಡೀ ಮೋಟಾರು ಬಿಚ್ಚಿದವನು. “ಜೊಂಡು ಸುತ್ಕೊಂಡು ಪಂಖ ನಿಂತಿರಬಹುದು. ಗೇರಲ್ಲೇ ಇದ್ದು, ನಿಂತಿರಬಹುದು. ನಾನು ಜೊಂಡು ಕಿತ್ತ ಕೂಡಲೇ ತಿರುಗಿರಬಹುದು.” ಎದ್ದು ನಿಂತು ಮಂಡಿಯ ಹಿಮ ಕೊಡವಿದ. “ಅವತ್ತು ಮೇಳದಲ್ಲಿ ನಾಲ್ಕು ಬಿಯರ್ ಕುಡಿದಿದ್ದೆ. ಕೂಗಿದೆ ಅಂತಲೇ ನೆನಪು.”

ಬರ್ನಿ ಹೋಗಿ ತಮ್ಮನ ಬರಿಗೈ ಹಿಡಿದು ಕೈಗವುಸು ತೊಡಿಸಿದಳು. ಖಾಲಿ ಬೆರಳುಗಳನ್ನು ಅವಳು ಮೊದಲೇ ಒಳಕ್ಕೆ ಮಡಿಸಿ ಹೊಲಿದಿದ್ದಳು. ಯಾರೂ ಯಾರನ್ನೂ ಕ್ಷಮೆ ಕೇಳಲಿಲ್ಲ. ಯಾರು ಯಾರನ್ನು ಕೇಳಬೇಕೆಂಬುದೇ ಸ್ಪಷ್ಟವಿರಲಿಲ್ಲ.

“ಮೀನು ಮುಗಿದುಹೋಗುತ್ತೆ,” ಎಂದ ಕ್ಯಾಸ್.

ಸಭಾಂಗಣದಲ್ಲಿ ಜನ ಸಾಲುಗಟ್ಟಿದ್ದರು. ಉದ್ದನೆಯ ಮೇಜಿಗೆ ಕೂತು ಮೂವರೂ ಹ್ಯಾಡಕ್ ಮೀನು, ಎಲೆಕೋಸಿನ ಕೋಸಂಬರಿ, ರೈ ಬ್ರೆಡ್ಡು ತಿಂದರು. ರೋಮನ್ ಅರ್ಧ ಮೀನು ಮುಗಿಸಿ, “ನಮ್ಮ ಅಕಾರ್ಡಿಯನ್ ತಂಡದವರು ಹೇಗೂ ನನ್ನ ಕೈಬಿಡೋರಿದ್ರು,” ಎಂದ. “ಬಫಲೋದಿಂದ ಒಬ್ಬ ಹುಡುಗ ಬಂದಿದ್ದ. ನನಗಿಂತ ಚೆನ್ನಾಗಿ ನುಡಿಸ್ತಿದ್ದ.”

“ಇದು ನಂಗೆ ಹೇಳೇ ಇಲ್ಲ ನೀನು,” ಎಂದಳು ಬರ್ನಿ.

“ಕೈ ಹೋದ್ಮೇಲೆ ಹೇಳೋದೇನಿತ್ತು?”

ಇದು ನಿಜವೋ, ತಮ್ಮಿಬ್ಬರ ಮನಸ್ಸು ಹಗುರಾಗಲೆಂದು ಈಗ ಹೇಳಿದ್ದೋ ಕ್ಯಾಸ್‌ಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ರೋಮನ್ ಕಡಲೆಹಿಟ್ಟಿನ ಬಣ್ಣದ ಮೀನಿನ ಚೂರನ್ನು ವಿನೆಗರಿನಲ್ಲಿ ಅದ್ದಿ ಸಮಾಧಾನದಿಂದ ತಿನ್ನುತ್ತಿದ್ದ. ಆಮೇಲೆ ಯಾರೋ ಪರಿಚಯದವರು ಕರೆದರೆಂದು ಎದ್ದು ಹೋದ.

ಕ್ಯಾಸ್ ತಟ್ಟೆ ನೋಡುತ್ತಲೇ ಕೇಳಿದ, “ಬರ್ನಿ, ನಾನು ಸುಳ್ಳು ಹೇಳ್ತಿಲ್ಲ, ಬಂಡೆ ಅಂತ ನಿಜವಾಗ್ಲೂ ನಂಬಿದ್ದೀನಿ ಅಂತ ಅವತ್ತೇ ನಿಂಗೆ ಗೊತ್ತಿದ್ದಿದ್ರೆ, ಕ್ಲೀವ್‌ಲೆಂಡಿಗೆ ಹೋಗ್ತಿದ್ಯಾ?”

ಬರ್ನಿ ಈ ಸಲ ನಗಲಿಲ್ಲ. ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಮೊದಲ ಸಲ ಅವನ ಮಾತು ನಿಜವಿರಬಹುದೆಂದು ಹೊಳೆದವಳಂತೆ.

“ಹೋಗ್ತಿದ್ದೆ ಅನ್ಸುತ್ತೆ,” ಎಂದಳು. ಆಮೇಲೆ, “ಗೊತ್ತಿಲ್ಲ,” ಎಂದಳು. ಅವನ ತಟ್ಟೆಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ತನ್ನ ತಟ್ಟೆಗೆ ಎಳೆದುಕೊಂಡಳು, ಅವನಿಗೆ ಸಕ್ಕರೆ ಕಾಯಿಲೆಯೆಂದು.

ಸೋಮವಾರ ಬೆಳಗ್ಗೆ ಕ್ಯಾಸ್ ಬೂಟು ಹಾಕಿಕೊಳ್ಳುವಾಗ ಬರ್ನಿಯೂ ಕೋಟು ಹಾಕಿಕೊಂಡಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ದಿನಾ ಪೂರ್ವದ ಕಡೆಯೇ ಹೋಗಿ ನಿನಗೆ ಬೇಜಾರಾಗಿರಬೇಕು ಎಂದು ಅವಳೇ ಹೇಳಿ, ಕಾರನ್ನು ಪಶ್ಚಿಮಕ್ಕೆ, ಮಿಡಲ್‌ಪೋರ್ಟಿನ ಕಡೆ ತಿರುಗಿಸಿದಳು. ಆ ಕಡೆಯ ಕಾಲುವೆಯ ತಳವನ್ನು ಅವರಿಬ್ಬರೂ ಇನ್ನೂ ನೋಡಿರಲಿಲ್ಲ.